ಮೂರನೆಯ ಇಸವಾಣ

ಇಸವಾಣ ಎಂದರೆ ಒಂದು ಮೀನಲ್ಲ, ಒಂದು ಕುಲ. ಶಿರಸಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಹೊಸದಾಗಿ ಬಂದ ಮಕ್ಕಳಿಗೆ ಇದನ್ನು ಹೇಳಿದ್ದೇನೆ, ಅಷ್ಟೂ ವರ್ಷ ಹಿಂದಿನ ಬೆಂಚಿನವರು ನಕ್ಕಿದ್ದಾರೆ. ಹುಟ್ಟಿದಾರಭ್ಯ ಮೀನು ಬಾಯಿಗಿಡದ ಮನೆಯ ಹೆಂಗಸು ಮೀನಿನ ಪಾಠ ಮಾಡುವುದು ಅವರಿಗೆ ತಮಾಷೆ. ನಗಲಿ ಬಿಡಿ, ನಾನೇನೂ ಸೋಲುವವಳಲ್ಲ. ಬೋರ್ಡಿನ ಮೇಲೆ ಸ್ಕೊಂಬೆರೊಮೋರಸ್ ಎಂದು ದೊಡ್ಡದಾಗಿ ಬರೆದು, ಈ ಕುಲದ ಪ್ರಭೇದಗಳು ಪ್ರಪಂಚದಲ್ಲಿ ಹದಿನೆಂಟರ ಹತ್ತಿರ ಇವೆ, ನಮ್ಮ ಕುಮಟಾ ಕಾರವಾರದ ಬಲೆಗೆ ಬೀಳುವಂಥವು ಮುಖ್ಯವಾಗಿ ಮೂರು ಎಂದು ಶುರು ಮಾಡುತ್ತಿದ್ದೆ. ಒಂದರ ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಸಪೂರ ಪಟ್ಟೆಗಳು. ಇನ್ನೊಂದಕ್ಕೆ ಸಾಲು ಸಾಲು ಚುಕ್ಕೆ. ಮೂರನೆಯದರ ಮೈಮೇಲೆ ತಲೆಯಿಂದ ಬಾಲದ ಕಡೆಗೆ ತುಂಡು ತುಂಡಾಗಿ ಎಳೆದ ಗೀಟುಗಳು. ಮಾರುವವರಿಗೂ ತಿನ್ನುವವರಿಗೂ ಮೂರೂ ಇಸವಾಣವೇ, ಹೋಟೆಲಿನ ಬೋರ್ಡಿನಲ್ಲಾದರೆ ಸುರ್ಮಾಯಿ.

ಆ ಮೂರನೆಯದು ನಮ್ಮ ಕಡೆ ಅಪರೂಪ. ನನ್ನ ಲ್ಯಾಬಿನ ಗಾಜಿನ ಜಾಡಿಗಳ ಸಾಲಿನಲ್ಲಿ ಅದರ ಜಾಗ ಬಹಳ ವರ್ಷ ಖಾಲಿ ಇತ್ತು. ಆ ಖಾಲಿ ಜಾಗದಿಂದಾಗಿ ನಾನು ನನ್ನ ತಂಗಿಯನ್ನು ನೋಡಲು ಹೋಗುವುದು ಸಾಧ್ಯವಾಗುತ್ತಿತ್ತು. ಈ ಬರಹ ಅವಳ ಬಗ್ಗೆ, ಮತ್ತೆ ನಮ್ಮ ತಾಯಿ, ಆಯಿಯ ಬಗ್ಗೆ. ಮೀನು ನಡುವೆ ಬರುತ್ತದೆ, ಏನು ಮಾಡುವುದು, ನಮ್ಮ ಬದುಕಿನಲ್ಲಿಯೂ ಅದು ನಡುವೆಯೇ ಬಂತು.

ನಮ್ಮ ಮನೆ ಕಾನಸೂರಿನ ಹತ್ತಿರ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸೆಲ್ಲ ಅಲ್ಲಿ ನಿಂತೇ ಹೋಗಬೇಕು. ಅಣ್ಣ, ಅತ್ತಿಗೆ, ಅಪ್ಪಯ್ಯ, ಆಯಿ ಅಲ್ಲಿದ್ದರು. ನಾನು ಮದುವೆಯ ಗೊಡವೆಗೆ ಹೋಗದೆ ಶಿರಸಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು, ರಜೆ ಬಂದರೆ ಊರಿಗೆ ಓಡುತ್ತಿದ್ದೆ. ತಂಗಿ ಸಿದ್ದಾಪುರದಲ್ಲಿ ಓದುವಾಗ ಜೊತೆಗೆ ಓದುತ್ತಿದ್ದ ಒಬ್ಬನನ್ನು ಇಷ್ಟಪಟ್ಟಳು. ಅವನ ಮನೆಯವರದು ಮೀನಿನ ವ್ಯಾಪಾರ. ಬೆಳಗಾಗುವ ಮೊದಲೇ ಘಟ್ಟ ಹತ್ತಿ ಬರುವ ಟೆಂಪೋದಿಂದ ಮೀನು ಇಳಿಸಿಕೊಂಡು, ಐಸು ಹಾಕಿ, ಪೇಟೆಯಲ್ಲಿ ಕೂತು ಮಾರುವುದು. ಡಿಗ್ರಿ ಮುಗಿಸಿದ ಮೇಲೂ ಅವನು ತಾಯಿಯ ಜೊತೆ ಅಲ್ಲೇ ಕೂತ. ತಂಗಿ ಒಂದು ದಿನ ಪರೀಕ್ಷೆಯ ರಿಸಲ್ಟು ನೋಡಿ ಬರುತ್ತೇನೆಂದು ಹೋದವಳು ರಿಜಿಸ್ಟರ್ ಮದುವೆಯಾಗಿ ಅವರ ಮನೆಗೆ ಹೋದಳು.

ಅಪ್ಪಯ್ಯ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಕೂಗಿದವರ ಗಂಟಲು ಒಂದು ದಿನ ಸೋಲುತ್ತದೆ. ಅವರು ಅವಳ ಮಾತು ಎತ್ತುವುದನ್ನೇ ಬಿಟ್ಟರು. ಮನೆಯಲ್ಲಿ ಯಾರೂ ಎತ್ತಬಾರದು ಎಂದಾಯಿತು. ಆಯಿಯೂ ಎತ್ತಲಿಲ್ಲ. ಅವಳ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಆದರೆ ಆಯಿಯ ಮೇಲೆ ಹೆಚ್ಚು.

ಅದೇ ವರ್ಷ ಲ್ಯಾಬಿನ ಹಳೆಯ ಜಾಡಿಗಳನ್ನೆಲ್ಲ ಹೊಸದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಊರಿಗೆ ಹೋದವಳು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳಿದೆ, ಕಾಲೇಜಿಗೆ ಕಡಲ ಮೀನು ಬೇಕಾಗಿದೆ, ಸಿದ್ದಾಪುರದಲ್ಲಿ ಒಳ್ಳೆಯ ಮಾಲು ಸಿಗುತ್ತದಂತೆ ಎಂದು. ಶಿರಸಿಯಲ್ಲಿ ಮೀನು ಮಾರ್ಕೆಟ್ಟು ಇಲ್ಲವೇ ಎಂದು ಯಾರೂ ಕೇಳಲಿಲ್ಲ. ಅಪ್ಪಯ್ಯ ಮಜ್ಜಿಗೆ ಬಡಿಸಿಕೊಳ್ಳುತ್ತ ತಲೆ ಎತ್ತದೆ ಅಂದರು:

"ಕೆಲಸಕ್ಕೆ ಬೇಕು ಹೇಳಾದ್ರೆ ಹೋಗು. ಅಲ್ಲಿ ನೀರು ಕುಡಿಯಡ."

ನಾನು ನೀರೂ ಕುಡಿದೆ, ಊಟವನ್ನೂ ಮಾಡಿದೆ. ತಂಗಿ ನನಗೆಂದು ಬೇರೆ ಒಲೆಯಲ್ಲಿ ತಂಬುಳಿ, ಪಲ್ಯ ಮಾಡುತ್ತಿದ್ದಳು, ನನ್ನ ಜೊತೆಗೇ ಕೂತು ಅದನ್ನೇ ಉಣ್ಣುತ್ತಿದ್ದಳು. ಅವಳ ಅತ್ತೆ ಗಟ್ಟಿ ಹೆಂಗಸು, ಬಾಯಿ ಜೋರು. "ನಿಮ್ಮ ತಂಗಿ ಬಂದ್ಮೇಲೆ ನಮ್ಮನೆಲಿ ಎರಡೆರಡು ಅಡುಗೆಮನೆ ಆಯ್ತು ನೋಡಿ" ಎಂದು ದೂರುತ್ತಲೇ ನನಗೆ ಮತ್ತೊಂದು ಸೌಟು ಅನ್ನ ಹಾಕಿಸುತ್ತಿದ್ದರು. ತಂಗಿಯ ಗಂಡ ನಾನು ಕೇಳುವ ಮೀನನ್ನೆಲ್ಲ ಮುಖ ಸಿಂಡರಿಸಿಯೇ ತಂದುಕೊಡುತ್ತಿದ್ದ. ಇಸವಾಣ ದೊಡ್ಡ ಮೀನು, ಜಾಡಿಗೆ ಹಿಡಿಸುವುದಿಲ್ಲ, ನನಗೆ ಗೇಣುದ್ದದ ಮರಿಗಳೇ ಬೇಕು. ಮರಿ ಕೊಳ್ಳುವ ಗಿರಾಕಿಯನ್ನು ಅವನು ಹಿಂದೆ ನೋಡಿರಲಿಲ್ಲ. ನಾನು ಅವುಗಳನ್ನು ತಟ್ಟೆಯಲ್ಲಿ ಮಲಗಿಸಿ ಕಿವಿರಿನಿಂದ ಬಾಲದವರೆಗೆ ಓಡುವ ಪಕ್ಕದ ಗೆರೆ ಎಲ್ಲಿ ಬಾಗುತ್ತದೆ ಎಂದು ಭೂತಗನ್ನಡಿ ಹಿಡಿದು ನೋಡುವಾಗ ಅವನಿಗೆ ನಗು ತಡೆಯುತ್ತಿರಲಿಲ್ಲ.

"ಎಂತ ಅಕ್ಕಾ, ಮೀನಿಗೂ ಜಾತಕ ನೋಡ್ತ್ರಾ? ಸಾರಿಗೆ ಬಿದ್ಮೇಲೆ ಪಟ್ಟೆ ಎಂತ, ಚುಕ್ಕೆ ಎಂತ?"

"ನೀನು ಸಾರಿಗೆ ಹಾಕು, ನಾನು ಜಾಡಿಗೆ ಹಾಕ್ತೇನೆ" ಎನ್ನುತ್ತಿದ್ದೆ. ತಂಗಿ ಬಾಗಿಲಿಗೆ ಒರಗಿ ನಿಂತು ನಮ್ಮಿಬ್ಬರ ಜಗಳ ನೋಡುತ್ತಿದ್ದಳು. ಮೀನನ್ನು ತೊಳೆದು, ಬಾಳೆಲೆಯಲ್ಲಿ ಸುತ್ತಿ, ಐಸಿನ ಡಬ್ಬಿಯಲ್ಲಿಟ್ಟು ಕೊಡುವುದು ಅವಳ ಕೆಲಸ. ಮದುವೆಯಾದ ಹೊಸತರಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ತೊಳೆಯುತ್ತಿದ್ದಳಂತೆ. ನಾನು ನೋಡುವಷ್ಟರಲ್ಲಿ ಅವಳ ಕೈ ಪಳಗಿತ್ತು.

ಸಂಜೆಯ ಬಸ್ಸಿಗೆ ಬಂದು ಕಾನಸೂರಿನಲ್ಲಿ ಇಳಿಯುತ್ತಿದ್ದೆ. ಡಬ್ಬಿಯನ್ನು ಮನೆಯೊಳಗೆ ತರುವಂತಿಲ್ಲ, ಕೊಟ್ಟಿಗೆಯ ಆಚೆ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಮೊದಲ ಸಲ ನಾನು ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಆಯಿ ಆ ಕಲ್ಲಿನಿಂದ ಸ್ವಲ್ಪ ದೂರದಲ್ಲಿ ನಿಂತಿದ್ದಾಳೆ. ಕೈಯಲ್ಲಿ ಹುಲ್ಲಿನ ಕಟ್ಟು, ದನಕ್ಕೆ ಹಾಕಲು ಬಂದವಳ ಹಾಗೆ.

"ಎಂತ ಮೀನು ಅದು?" ಎಂದು ಕೇಳಿದಳು.

ನನಗೆ ಆಶ್ಚರ್ಯವಾಯಿತು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಇದು ಪಟ್ಟೆಯದು, ಇದರ ಪಕ್ಕದ ಗೆರೆ ಬಾಲದ ಹತ್ತಿರ ಥಟ್ಟನೆ ಕೆಳಗೆ ಇಳಿಯುತ್ತದೆ, ಉಳಿದವುಗಳಲ್ಲಿ ಹಾಗಿಲ್ಲ ಎಂದು ಪಾಠ ಶುರು ಮಾಡಿದೆ. ಆಯಿ ಅರ್ಧಕ್ಕೇ ತಡೆದಳು.

"ಇದ್ನ ತೊಳದ್ದು ಯಾರು?"

"ಅದೇ ತೊಳದ್ದು" ಅಂದೆ. ನಮ್ಮ ಕಡೆಯ ಮಾತಿನಲ್ಲಿ ಮನೆಯ ಹೆಣ್ಣುಮಗಳೆಂದರೆ 'ಅದು'.

ಆಯಿ ಹುಲ್ಲಿನ ಕಟ್ಟನ್ನು ಕೆಳಗಿಟ್ಟು ಹತ್ತಿರ ಬಂದಳು. ಬಗ್ಗಿ ಮೀನನ್ನು ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ. ಆ ಬೆಳಿಗ್ಗೆ ತನ್ನ ಮಗಳ ಕೈ ಆಡಿದ ವಸ್ತು ಅದೊಂದೇ ತಾನೇ ಆ ಮನೆಗೆ ಬಂದಿದ್ದು.

"ಚೊಲೋ ತೊಳದ್ದು" ಎಂದು ಹೇಳಿ, ಹುಲ್ಲು ಎತ್ತಿಕೊಂಡು ಕೊಟ್ಟಿಗೆಗೆ ಹೋದಳು.

ಆಮೇಲೆ ಇದೇ ಕ್ರಮವಾಯಿತು. ನಾನು ಸಿದ್ದಾಪುರದಿಂದ ಬಂದ ದಿನ ದನಗಳಿಗೆ ಎರಡು ಸಲ ಹುಲ್ಲು. ಆಯಿ ಬರುತ್ತಿದ್ದಳು, ಮೀನು ನೋಡುತ್ತಿದ್ದಳು, ಎಲೆ ಸುತ್ತಿದ್ದು ಯಾರು, ಈ ಬಾಳೆ ಅವರ ಹಿತ್ತಿಲಿನದೋ ಕೊಂಡಿದ್ದೋ, ಐಸು ಹಿಡಿದು ಕೈ ಬಿರಿಯುತ್ತದೆಯೋ, ಹೀಗೆ ಕೇಳುತ್ತಿದ್ದಳು. ಅವಳು ಹೇಗಿದ್ದಾಳೆ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಅಪ್ಪಯ್ಯನ ಮಾತು ಮೀರಬಾರದು, ಮಗಳ ಸುದ್ದಿಯೂ ಬೇಕು. ಬಂಗಡೆ, ತಾರ್ಲೆ, ಮಾಂಜಿ ಎಲ್ಲ ಜಾಡಿ ಸೇರಿದವು. ಇಸವಾಣದಲ್ಲಿ ಪಟ್ಟೆಯದೂ ಚುಕ್ಕೆಯದೂ ಸೇರಿದವು. ಗೀಟಿನದು ಮಾತ್ರ ಸಿಗಲಿಲ್ಲ. ಆಯಿ ಹೊಸಿಲು ದಾಟುವಾಗಲೇ ಕೇಳುತ್ತಿದ್ದಳು:

"ಮೂರನೇದು ಸಿಕ್ಕಿದ್ದಿಲ್ಯ?"

"ಇಲ್ಲೆ ಆಯಿ. ಇನ್ನೊಂದ್ಸಲ ಹೋಗವು."

"ಹೋಗು ಹೋಗು. ಅರ್ಧಕ್ಕೆ ಬಿಡಡ."

ಅಪ್ಪಯ್ಯ ತೀರಿಕೊಂಡಾಗ ತಂಗಿ ಬಂದು ಅಂಗಳದ ಅಂಚಿನಲ್ಲಿ ನಿಂತು ಹೋದಳು. ಒಳಗೆ ಹೆಂಗಸರ ನಡುವೆ ಕೂತಿದ್ದ ಆಯಿ ನೋಡಲಿಲ್ಲ, ಯಾರೋ ಹೇಳಿದ ಮೇಲೆ ಗೊತ್ತಾಯಿತು. ಆಗಲೇ ಎಲ್ಲ ಸರಿಯಾಗಬೇಕಿತ್ತು. ಅಣ್ಣ ಮೆತ್ತಗಿನ ಮನುಷ್ಯ, "ಹೋಪದಾದ್ರೆ ಹೋಗಿ ಬಾ ಆಯಿ, ಯಾರೂ ಎಂತದೂ ಹೇಳ್ತ್ವಿಲ್ಲೆ" ಎಂದು ಬಾಯಿಬಿಟ್ಟು ಹೇಳಿದ. ತಡೆಯುವವರು ಯಾರೂ ಇರಲಿಲ್ಲ. ಆದರೂ ಆಯಿ ಹೊರಡಲಿಲ್ಲ. ವರ್ಷಾಂತ ಕಳೆಯಲಿ ಎಂದಳು. ಕಳೆದ ಮೇಲೆ ಮಂಡಿ ನೋವು ಎಂದಳು. ಕೊನೆಗೆ ನಾನು ಹಟ ಹಿಡಿದು ಕೂತಾಗ, "ಮೂರನೇದು ಸಿಗ್ಲಿ. ಸಿಕ್ಕಿದ ದಿನ ಆನೂ ನಿನ್ನ ಜೊತಿಗೆ ಬಂದು ಅಲ್ಲೇ ನೋಡ್ತಿ" ಅಂದಳು. ಸಿಗುವುದಿಲ್ಲ ಎಂಬ ಧೈರ್ಯವೋ, ಸಿಗಲಿ ಎಂಬ ಆಸೆಯೋ, ನನಗೆ ಈಗಲೂ ಗೊತ್ತಿಲ್ಲ.

ಈ ಮಾತನ್ನು ನಾನು ತಂಗಿಗೆ ಹೇಳಿದೆ. ಅವಳು ಗಂಡನ ಹಿಂದೆ ಬಿದ್ದಳು. ಜಾತಕ ನೋಡುತ್ತೀರಾ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ ಮಹರಾಯ ಈಗ ಪ್ರತಿ ಟೆಂಪೋದ ಪ್ರತಿ ಕ್ರೇಟು ಕೆದಕಬೇಕಾಯಿತು. ಹೊಸ ಚುಕ್ಕೆ ಇಸವಾಣ ಕಂಡರೆ ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸುವನು, "ಇದು ಗೀಟೇ ಅಕ್ಕಾ, ಈ ಸಲ ಒಪ್ಕೊಳ್ಳಿ" ಎಂದು ವಾದ ಮಾಡುವನು. ಕೈ ಅಲ್ಲಾಡಿಸಿ ತೆಗೆದ ಫೋಟೋದಲ್ಲಿ ಚುಕ್ಕೆಯೂ ಗೀಟಾಗಿ ಕಾಣುತ್ತದೆ ಎಂದು ನಾನು ಬೈಯುವೆನು. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಹೀಗೇ ಸಾಗಿತು. ಒಂದು ಚಳಿಗಾಲದಲ್ಲಿ ಬಂದ ಫೋಟೋ ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತೆ. ಮೈತುಂಬ ತುಂಡು ಗೀಟುಗಳು, ಯಾರೋ ಪೆನ್ಸಿಲ್ ಹಿಡಿದು ಎಳೆದ ಹಾಗೆ. ಅನುಮಾನವೇ ಇರಲಿಲ್ಲ.

ಭಾನುವಾರ ಬರುತ್ತೇವೆ ಎಂದು ಹೇಳಿದೆ. ಮೀನಿನ ಅಂಗಡಿಗೆ ಭಾನುವಾರವೆಂದರೆ ಹಬ್ಬ, ಆದರೂ ಆ ಭಾನುವಾರ ಅವರು ಬಾಗಿಲು ತೆರೆಯಲಿಲ್ಲ. ತಂಗಿ ಎರಡು ದಿನ ಮೊದಲೇ ಮನೆಯನ್ನು ಅರಿಸಿನದ ನೀರು ಹಾಕಿ ತೊಳೆಯಲು ಶುರು ಮಾಡಿದಳು. ಕ್ರೇಟು, ತಕ್ಕಡಿ, ಐಸಿನ ಪೆಟ್ಟಿಗೆ ಎಲ್ಲ ಪಕ್ಕದವರ ಶೆಡ್ಡಿಗೆ ಹೋದವು. ಪಾತ್ರೆಗಳನ್ನು ಹೊಸದಾಗಿ ಕೊಂಡಳು. ಅತ್ತೆ ಕೂಡ ಬಾಯಿ ಮುಚ್ಚಿಕೊಂಡು ಆ ಎರಡು ದಿನ ಸಪ್ಪೆ ಸಾರು ಉಂಡರಂತೆ. ಮೀನು ಮಾತ್ರ ಹಿತ್ತಿಲಿನ ಒಂದು ಡಬ್ಬಿಯಲ್ಲಿ ಐಸಿನ ಮಧ್ಯ ಆಯಿಗಾಗಿ ಕಾಯುತ್ತಿತ್ತು.

ಆಯಿ ಬೆಳಿಗ್ಗೆ ಬೇಗ ಎದ್ದು, ಒಳ್ಳೆಯ ಸೀರೆ ಉಟ್ಟು, ಕಬ್ಬಿನ ಹಾಲಿನ ಗರಿಗರಿ ತೊಡದೇವಿನ ಡಬ್ಬಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಚೀಲಕ್ಕೆ ತುಂಬಿದಳು. ನಾವಿಬ್ಬರೂ ಕಾನಸೂರಿನ ಬಸ್‌ಸ್ಟ್ಯಾಂಡಿಗೆ ಬಂದು ನಿಂತೆವು. ಅಷ್ಟರಲ್ಲಿ ನಮ್ಮ ಮೇಲಿನ ಮನೆಯ ಹೆಂಗಸು ಚೀಲ ಹಿಡಿದು ಬಂದಳು. ಕೆಟ್ಟವಳೇನಲ್ಲ, ಆದರೆ ಅವಳಿಗೆ ಗೊತ್ತಾದದ್ದು ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತು.

"ಎಲ್ಲಿಗೆ ಅಕ್ಕಯ್ಯ, ತಾಯಿ ಮಗಳ ಸವಾರಿ?"

ಮಾಮೂಲಿ ಪ್ರಶ್ನೆ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು ಹೀಗೆ ಕೇಳದೆ ಹೋದರೆ ಅದೇ ಅಪಮಾನ. ಆಯಿ ಒಂದು ಕ್ಷಣ ನನ್ನ ಮುಖ ನೋಡಿದಳು.

"ಶಿರಸಿಗೆ. ಕಣ್ಣು ತೋರ್ಸಕಾಗಿತ್ತು."

"ಚೊಲೋ ಆತು! ಆನೂ ಶಿರಸಿಗೇ ಹೊಂಟಿದ್ದಿ. ಮಾತಾಡ್ಕತ್ತ ಹೋಪನ."

ಸಿದ್ದಾಪುರದ ಬಸ್ಸು ಮೊದಲು ಬಂತು. ನಮ್ಮ ಮುಂದೆಯೇ ಬಾಗಿಲು ಬರುವಂತೆ ನಿಂತಿತು. ಕಂಡಕ್ಟರ್ ಸಿದ್ದಾಪುರ, ಸಿದ್ದಾಪುರ ಎಂದು ಕೂಗಿದ. ನಾನು ಆಯಿಯ ಮೊಣಕೈ ಹಿಡಿದು ಮೆಲ್ಲಗೆ ಒತ್ತಿದೆ. ಆಯಿ ಮೇಲಿನ ಮನೆಯವಳ ಕಡೆ ತಿರುಗಿ ಈ ವರ್ಷ ಹಲಸಿನ ಮರಕ್ಕೆ ಮಿಡಿ ಹೇಗಿದೆ ಎಂದು ಕೇಳುತ್ತಿದ್ದಳು. ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಶಿರಸಿಯ ಬಸ್ಸು ಬಂತು. ನಾವು ಮೂವರೂ ಹತ್ತಿದೆವು.

ಈಗ ಹೇಳಿದರೆ ನಗು ಬರುತ್ತದೆ. ಮೇಲಿನ ಮನೆಯವಳು ಜೊತೆ ಬಿಡಲೇ ಇಲ್ಲ. ಪಾಪ, ವಯಸ್ಸಾದವರು ಎಂದು ಭಾನುವಾರವೂ ತೆರೆದಿದ್ದ ಕಣ್ಣಿನ ಡಾಕ್ಟರ ಬಾಗಿಲಿನವರೆಗೂ ಬಂದಳು. ಆಯಿ ತೊಡದೇವಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸರದಿಗೆ ಕಾದು, ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಕೆಳಗಿನ ಸಾಲಿನವರೆಗೂ ಓದಿದಳು. ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವ ಕಣ್ಣು ನೋಡಿಲ್ಲ ಎಂದರು ಡಾಕ್ಟರು. ನಾನು ಹೊರಗೆ ಬಂದು ತಂಗಿಗೆ ಫೋನು ಮಾಡಿದೆ.

"ಬಸ್ಸು ಬೈಂದಿಲ್ಯ ಅಕ್ಕಾ?" ಎಂದು ಅವಳೇ ಮೊದಲು ಕೇಳಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹಿಂದೆ ಅವಳ ಅತ್ತೆ ಯಾರಿಗೋ ಏನೋ ಹೇಳುತ್ತಿದ್ದುದು ಕೇಳುತ್ತಿತ್ತು.

"ಕಣ್ಣು ಸರಿ ಇದ್ದಡ?" ಅಂದಳು.

"ಸರಿ ಇದ್ದಡ."

"ಅಷ್ಟಾದ್ರೆ ಸಾಕು ಬಿಡು. ಎನ್ನ ಮನೆನೂ ತೊಳದಾಂಗಾತು."

ಅವಳು ನಕ್ಕಳು. ಆ ನಗುವನ್ನು ಕೇಳಿಸಿಕೊಂಡು ನಾನು ಪೇಟೆಯ ರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಆಯಿಗೆ ಬಾಯಿಗೆ ಬಂದ ಹಾಗೆ ಬೈದೆ. ಮೇಲಿನ ಮನೆಯವಳು ಇನ್ನೂ ಪೇಟೆಯಲ್ಲೇ ಇದ್ದಳು, ಅದೊಂದು ಪುಣ್ಯ.

"ಮಗಳ ಮನೆಗೆ ಹೇಳಿ ಹೇಳಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತ ಆಯಿ?"

"ಬಾಯಿಗೆ ಬಂದೇ ಬಿಟ್ತು ಶಿರಸಿ ಹೇಳಿ. ಎಂತ ಮಾಡವು?"

ಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಆ ತೊಡದೇವನ್ನು ಮನೆಗೆ ಬಂದು ಯಾರಿಗೂ ಕೊಡಲಿಲ್ಲ, ತಾನೂ ತಿನ್ನಲಿಲ್ಲ. ಅದು ಡಬ್ಬಿಯಲ್ಲೇ ಮೆತ್ತಗಾಯಿತು ಎಂದು ಅತ್ತಿಗೆ ಆಮೇಲೆ ಹೇಳಿದಳು.

ಮೂರನೆಯ ಇಸವಾಣವನ್ನು ನಾನು ಮರುದಿನ ಒಬ್ಬಳೇ ಹೋಗಿ ತಂದೆ. ಫಾರ್ಮಾಲಿನ್ನಿಗೆ ಹಾಕಿದ ಕೆಲವೇ ತಿಂಗಳಿಗೆ ಗೀಟುಗಳು ಮಾಸಿದವು. ಹಾಗೇ ಆಗುವುದು. ಪಟ್ಟೆ, ಚುಕ್ಕೆ, ಗೀಟು ಎಲ್ಲ ಹೋಗಿ ಮೂರೂ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ, ಪಕ್ಕದ ಗೆರೆ ಗುರುತಿಸಲು ಬರುವವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಚೀಟಿ ಅಂಟಿಸಿ ಕಪಾಟಿಗೆ ಬೀಗ ಹಾಕಿದೆ. ನಂತರದ ವರ್ಷ ನಿವೃತ್ತಳಾದೆ. ಕಾಲೇಜಿಗೆ ಮೀನು ಬೇಕು ಎಂದು ಹೇಳುವುದು ಮುಗಿಯಿತು, ಹೇಳುವ ಅಗತ್ಯವೂ ಇರಲಿಲ್ಲ. ಆದರೆ ಆಯಿಯ ಜೊತೆ ತಂಗಿಯ ಸುದ್ದಿ ಮಾತಾಡಲು ನಮಗೆ ಬೇರೆ ದಾರಿ ಗೊತ್ತಿರಲಿಲ್ಲ. ಬರಿಗೈಯಲ್ಲಿ ಸಿದ್ದಾಪುರದಿಂದ ಬಂದರೆ ಆಯಿ ಕಲ್ಲಿನ ಹತ್ತಿರ ಬರುತ್ತಿರಲಿಲ್ಲ. ನಾನಾಗಿಯೇ ಹೇಳಲು ಹೊರಟರೆ ಎದ್ದು ಒಳಗೆ ಹೋಗುತ್ತಿದ್ದಳು. ಆ ಬಸ್ಸಿನ ದಿನದ ನಾಚಿಕೆ ಅವಳನ್ನು ಬಿಟ್ಟಿರಲಿಲ್ಲ ಎಂದು ಕಾಣುತ್ತದೆ.

ಮುಂದಿನ ಬೇಸಿಗೆಯಲ್ಲಿ ತಂಗಿ ಸತ್ತಳು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆ ಮೀನು ತೊಳೆಯುತ್ತಿದ್ದವಳು ತಲೆ ಹಿಡಿದುಕೊಂಡು ಅಲ್ಲೇ ಕುಸಿದಳು. ಸಿದ್ದಾಪುರದಲ್ಲಿ ನೋಡಿ, ಶಿರಸಿಯಲ್ಲಿ ನೋಡಿ, ಮೆದುಳಿನಲ್ಲಿ ರಕ್ತಸ್ರಾವವಾಗಿದೆ, ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಶಿರಸಿಯಿಂದ ನಾನೂ ಆಂಬುಲೆನ್ಸ್ ಹತ್ತಿದೆ. ಅವಳ ಕೈ ಹಿಡಿದುಕೊಂಡೇ ಇದ್ದೆ. ಯಲ್ಲಾಪುರ ಇನ್ನೂ ಮುಂದಿರುವಾಗಲೇ ಮುಗಿಯಿತು. ಡ್ರೈವರು ರಸ್ತೆಯ ಬದಿಗೆ ನಿಲ್ಲಿಸಿ, ಸೈರನ್ ಬಂದ್ ಮಾಡಿ, ಗಾಡಿ ತಿರುಗಿಸಿದ. ತಂಗಿಯ ಗಂಡ "ಸೈರನ್ ಹಾಕು, ಹಾಕು" ಎಂದು ಅವನ ಭುಜ ಅಲುಗಿಸುತ್ತಿದ್ದ.

ಸಿದ್ದಾಪುರದಿಂದ ಶಿರಸಿಗೆ ಬರುವಾಗ ಆ ಆಂಬುಲೆನ್ಸ್ ಕಾನಸೂರು ಹಾದೇ ಬಂದಿತ್ತು. ಆಯಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳಂತೆ. ಸದ್ದು ಕೇಳಿ ಕೈ ನಿಲ್ಲಿಸಿ, "ಪಾಪ, ಯಾರ ಮನೆದ್ದೇನ, ದೇವರು ಕಾಯ್ಲಿ" ಎಂದು ಹೇಳಿ ಮತ್ತೆ ಹಪ್ಪಳ ಹರವಿದಳು ಎಂದು ಅತ್ತಿಗೆ ನನಗೆ ಗುಟ್ಟಿನಲ್ಲಿ ಹೇಳಿದಳು. ಇದನ್ನು ಆಯಿಗೆ ನಾವು ನೆನಪಿಸಲಿಲ್ಲ. ಅವಳಿಗೆ ತಾನಾಗಿ ಹೊಳೆಯದೆ ಇದ್ದಿರಲಿಕ್ಕಿಲ್ಲ.

ಅಣ್ಣ ಮತ್ತು ನಾನು ಸುಡುವಾಗ ಹೋಗಿದ್ದೆವು. ಆಯಿ ಬರಲಿಲ್ಲ, ಅಳಲೂ ಇಲ್ಲ. ಅಟ್ಟದ ಪೆಟ್ಟಿಗೆ ಇಳಿಸಿಕೊಡು ಎಂದು ಅಣ್ಣನಿಗೆ ಹೇಳಿ, ಅದನ್ನು ತೆರೆಯದೆ ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಸೂತಕ ಕಳೆಯುವ ಹೊತ್ತಿಗೆ ತಂಗಿಯ ಅತ್ತೆ ನನಗೆ ಫೋನು ಮಾಡಿದರು. ಅವರ ಮನೆಯಲ್ಲಿ ಒಂದು ಪದ್ಧತಿ. ಸಾವಿನ ಮನೆಯಲ್ಲಿ ಅಷ್ಟು ದಿನ ಮೀನು ಬೇಯಿಸುವುದಿಲ್ಲ. ಸೂತಕ ಕಳೆದ ಮರುದಿನ ಮತ್ತೆ ಮೀನು ಒಲೆಗೆ ಏರಬೇಕು, ಸತ್ತವರಿಗೆಂದು ಒಂದು ಎಲೆ ಹಾಕಬೇಕು. ಸತ್ತವಳು ಹೆಣ್ಣಾದರೆ ಆ ಎಲೆಗೆ ಮೊದಲ ತುಂಡು ಬಡಿಸಬೇಕಾದವರು ತವರಿನವರು. ಅದಾದ ಮೇಲೆಯೇ ಮನೆಯವರು ಉಣ್ಣುವುದು.

"ನಿಮ್ಮಲ್ಲಿ ಮೀನು ಮುಟ್ಟೂದಿಲ್ಲ, ಗೊತ್ತುಂಟು" ಎಂದರು, ಜೋರು ಬಾಯಿಯ ಆ ಹೆಂಗಸಿನ ದನಿ ಎಷ್ಟು ಇಳಿದಿತ್ತೆಂದರೆ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. "ನೀವಾದ್ರೆ ಜಾಡಿಗೆ ಹಾಕೂಕಾದ್ರೂ ಮುಟ್ಟಿದವ್ರು. ಬಂದು ಒಂದು ತುಂಡು ಬಡಿಸಿ ಹೋಗಿ ಅಕ್ಕಾ. ಇಲ್ದಿದ್ರೆ ಅದು ಹಸ್ಕೊಂಡೇ ಇರ್ತದೆ."

ಬರುತ್ತೇನೆ ಎಂದೆ. ಆಯಿ ಪಕ್ಕದಲ್ಲೇ ಕೂತಿದ್ದಳು. ಯಾರದು ಎಂದು ಕೇಳಿದಳು. ನಾನು ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ ಆಯಿ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಾಳೆ. ಕೈಯಲ್ಲಿ ಚೀಲವೂ ಇಲ್ಲ. "ತವರಿನವ್ರು ಅಂದ್ರೆ ಆನೇ ಅಲ್ದ?" ಅಂದಳು.

ಬಸ್‌ಸ್ಟ್ಯಾಂಡಿನಲ್ಲಿ ಜನ ಇದ್ದರು, ಎಲ್ಲ ಗುರುತಿನವರೇ. ಆ ದಿನ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಆಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕೇಳಲಿ ಎಂದು ಕಾಯುವವಳ ಹಾಗೆ. ಅವರು ಜಾಗ ಬಿಟ್ಟು ಸರಿದು ನಿಂತರು. ಸಿದ್ದಾಪುರದ ಬಸ್ಸು ಬಂದಾಗ ಆಯಿ ನನಗಿಂತ ಮೊದಲು ಹತ್ತಿದಳು.

ತಂಗಿಯ ಮನೆ ಆಯಿಗೆ ಗೊತ್ತಿಲ್ಲವಲ್ಲ, ನಾನು ಮುಂದೆ, ಅವಳು ಹಿಂದೆ. ಬಾಗಿಲಿಗೆ ಬಂದ ತಂಗಿಯ ಅತ್ತೆ ನನ್ನ ಹಿಂದೆ ನಿಂತವಳನ್ನು ಕಂಡು ಸೆರಗು ಸರಿಮಾಡಿಕೊಂಡು ಬಾಗಿಲು ಬಿಟ್ಟು ಸರಿದರು. ಅಳಿಯ ಎದ್ದು ನಿಂತವನು ಆಯಿಯ ಕಾಲು ಮುಟ್ಟಬೇಕೋ ಬೇಡವೋ ಎಂದು ಗೊತ್ತಾಗದೆ ಗೋಡೆ ಹಿಡಿದುಕೊಂಡ. ಒಳಗಿನಿಂದ ಮೀನು ಸಾರಿನ ವಾಸನೆ ಬರುತ್ತಿತ್ತು. ಅತ್ತೆ ಗಡಬಡಿಸಿ ಯಾರನ್ನೋ ಅಂಗಡಿಗೆ ಓಡಿಸಿ, ಸೀಲು ಒಡೆಯದ ನೀರಿನ ಬಾಟಲಿ ತರಿಸಿ ಆಯಿಯ ಮುಂದಿಟ್ಟರು. ಆಯಿ ಅದನ್ನು ಪಕ್ಕಕ್ಕೆ ಸರಿಸಿದಳು.

"ಕೊಡಪಾನದ್ದೇ ಕೊಡಿ" ಎಂದಳು. ಕೊಟ್ಟ ಚೊಂಬಿನ ನೀರನ್ನು ಪೂರ್ತಿ ಕುಡಿದಳು. ಅದನ್ನು ನೋಡಿ ಅಳಿಯ ಗೋಡೆಗೆ ಮುಖ ತಿರುಗಿಸಿದ.

ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಒರಗಿಸಿಟ್ಟ ತಂಗಿಯ ಫೋಟೋದ ಮುಂದೆ ಬಾಳೆಲೆ ಹಾಕಿ ಅನ್ನ ಬಡಿಸಿದ್ದರು. ಆಯಿ ಮಣೆ ಎಳೆದುಕೊಂಡು ಎಲೆಯ ಮುಂದೆ ಕೂತಳು. ಫೋಟೋ ನೋಡಿದಳು. ಅದರಲ್ಲಿದ್ದ ಹೆಂಗಸಿನ ಕಿವಿಯ ಬದಿಯ ಕೂದಲು ನರೆತಿತ್ತು. ಆಯಿ ಕೊನೆಯ ಸಲ ನೋಡಿದ್ದು ಪರೀಕ್ಷೆಯ ರಿಸಲ್ಟು ನೋಡಲು ಹೋದ ಹುಡುಗಿಯನ್ನು.

"ಅದಕ್ಕೆ ಯಾವ ಮೀನು ಸೇರ್ತಿತ್ತು?" ಎಂದು ಕೇಳಿದಳು. ನನ್ನನ್ನಲ್ಲ, ಅತ್ತೆಯನ್ನು.

"ಇಸವಾಣ. ನಡು ತುಂಡು ಅಂದ್ರೆ ಆಯ್ತು, ಗಂಡನಿಗೂ ಬಿಡ್ತಿರ್ಲಿಲ್ಲ. ಶುರುವಿಗೆ ವರ್ಷಗಟ್ಲೆ ಮುಟ್ಲೇ ಇಲ್ಲ. ಆಮೇಲೆ ನೋಡಿ, ಅಷ್ಟು ಆಸೆಲಿ ತಿಂತಿತ್ತು."

ನನ್ನ ಜೊತೆ ತಂಬುಳಿ ಉಂಡ ಅವಳು ಮೀನನ್ನು ಆಸೆಪಟ್ಟು ತಿನ್ನುತ್ತಿದ್ದಳೆಂದು ನನಗೆ ಆ ದಿನವೇ ಗೊತ್ತಾಗಿದ್ದು. ನನಗೆ ಸಂತೋಷವಾಯಿತು, ನಿಜವಾಗಿ. ಏನಾದರೂ ಒಂದನ್ನು ಅವಳು ಯಾರ ಹೆದರಿಕೆಯೂ ಇಲ್ಲದೆ ತಿಂದಿದ್ದಳಲ್ಲ.

ಅತ್ತೆ ಸೌಟಿನಲ್ಲಿ ನಡು ತುಂಡು ಎತ್ತಿ, ಆಯಿಗೆ ಸೌಟನ್ನು ಮಾತ್ರ ಹಿಡಿದರೆ ಸಾಕು ಎಂಬಂತೆ ಹಿಡಿಕೆಯನ್ನು ಅವಳ ಕಡೆಗೆ ಚಾಚಿದರು. ಆಯಿ ಹಿಡಿಕೆ ಹಿಡಿಯಲಿಲ್ಲ. ಅಂಗೈ ಒಡ್ಡಿ ತುಂಡನ್ನು ಕೈಗೇ ಹಾಕಿಸಿಕೊಂಡಳು. ಬಿಸಿ ಇತ್ತು, ಸಾರು ಮಣಿಕಟ್ಟಿನವರೆಗೆ ಇಳಿಯಿತು. ತುಂಡನ್ನು ಅನ್ನದ ಪಕ್ಕದಲ್ಲಿಟ್ಟು, ಎರಡು ಬೆರಳಿನಿಂದ ಒಡೆದು, ನಡುವಿನ ಮುಳ್ಳನ್ನು ಎಳೆದು ಎಲೆಯ ಅಂಚಿಗೆ ಹಾಕಿದಳು. ಹಿಂದೆಂದೂ ಮಾಡಿದ ಕೆಲಸವಲ್ಲ, ಬೆರಳು ತಡವರಿಸುತ್ತಿತ್ತು. ಮತ್ತೆ ಮತ್ತೆ ಹಿಸುಕಿ ಹುಡುಕಿದಳು.

"ಎಡೆಗೆ ಮುಳ್ಳು ತೆಗೀಬೇಕು ಅಂತಿಲ್ಲ ಅಮ್ಮಾ" ಎಂದರು ಅತ್ತೆ. "ಇಸವಾಣಕ್ಕೆ ನಡುವಿಂದು ಬಿಟ್ರೆ ಮತ್ತೆ ಮುಳ್ಳೂ ಇರೂದಿಲ್ಲ."

"ಅದು ಸಣ್ಣಕ್ಕಿಪ್ಪಾಗಿಂದ್ಲೂ ಗಬಗಬ ತಿಂಬದು" ಎಂದಳು ಆಯಿ, ಹುಡುಕುವುದನ್ನು ಬಿಡದೆ.

ಯಾರೂ ತಡೆಯಲಿಲ್ಲ. ಮೀನೆಲ್ಲ ಪುಡಿಯಾಗಿ ಅನ್ನದಲ್ಲಿ ಬೆರೆತ ಮೇಲೆ ಆಯಿ ಅದನ್ನು ಸಣ್ಣ ಸಣ್ಣ ತುತ್ತು ಮಾಡಿ ಎಲೆಯ ಮೇಲೆ ಸಾಲಾಗಿಟ್ಟಳು. ಆಮೇಲೆ ಫೋಟೋದ ಕಡೆಗೆ ಬಗ್ಗಿ, ನಮಗೆಲ್ಲ ಕೇಳುವ ಹಾಗೆ ಹೇಳಿದಳು:

"ನಿಧಾನ ತಿನ್ನು ಕೂಸೇ. ಇವತ್ತು ಎನಗೆ ಹೋಪಲೆ ಗಡಿಬಿಡಿ ಎಂತದೂ ಇಲ್ಲೆ."